ಹೊಸ ಕಾರು ಘಾಟಿಯಲ್ಲಿ ನಿಂತಿತು: ದುಡ್ಡು ವಾಪಸ್ ಬರುವವರೆಗಿನ ಮೂರು ವರ್ಷ

ಹೋದ ತಿಂಗಳು ಕಾರಿನ ಎರಡೂ ಕೀಗಳನ್ನು ಬೆಂಗಳೂರಿನ ಶೋರೂಮಿನಲ್ಲಿ ಕೊಟ್ಟೆ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಸ್ ಹತ್ತಿ ಊರಿಗೆ ಬಂದೆ. ಮೂರು ವರ್ಷದ ಅಲೆದಾಟ ಅಲ್ಲಿಗೆ ಮುಗಿಯಿತು. ಈ ಮೂರು ವರ್ಷದಲ್ಲಿ ಗೊತ್ತಾದದ್ದರಲ್ಲಿ ಅರ್ಧದಷ್ಟು ಮೊದಲೇ ಗೊತ್ತಿದ್ದಿದ್ದರೆ ಕಡೇಪಕ್ಷ ಒಂದು ವರ್ಷ ಉಳಿಯುತ್ತಿತ್ತು. ಎಲ್ಲ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ಹೊಸ ಕಾರು ಕೈಕೊಟ್ಟು ದಿಕ್ಕು ತೋಚದೆ ಕೂತವರಿಗೆ ಉಪಯೋಗಕ್ಕೆ ಬರಲಿ.

ಕಾರು ತೆಗೆದುಕೊಂಡದ್ದು 2022ರ ಜನವರಿಯಲ್ಲಿ. ನನ್ನ ಹೆಂಡತಿಗೆ ಎಡ ಮೊಣಕಾಲು ನೋವು, ಕ್ಲಚ್ ತುಳಿಯಲು ಆಗುವುದಿಲ್ಲ. ಅದಕ್ಕೇ ಆಟೊಮ್ಯಾಟಿಕ್ ಬೇಕು ಅಂತ ಒಂದೂವರೆ ಲಕ್ಷ ಜಾಸ್ತಿ ಕೊಟ್ಟೆವು. ಎಕ್ಸ್‌ ಶೋರೂಮ್ ಬೆಲೆ 12,80,000 ರೂಪಾಯಿ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ 17 ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್, ಇನ್ಶೂರೆನ್ಸ್ ಎಲ್ಲ ಸೇರಿ ಹದಿನೈದು ಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಒಂಬತ್ತು ಲಕ್ಷ ಸಾಲ, ತಿಂಗಳಿಗೆ 18,500 ಕಂತು.

ಜೂನ್‌ನಲ್ಲಿ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತು. ಸಂಜೆ ಆರೂವರೆ, ಜಡಿಮಳೆ, ಮುಂದೆ ಸಾಲು ಲಾರಿಗಳು. ಒಂದು ತಿರುವಿನಲ್ಲಿ ಕಾರು ಎರಡು ಸಲ ಜಗ್ಗಿತು. ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಮೀಟರಿನ ಮೇಲೆ ಎಚ್ಚರಿಕೆ ಬಂತು. ಎಂಜಿನ್ ಓಡುತ್ತಲೇ ಇದೆ, ಆಕ್ಸಿಲರೇಟರ್ ತುಳಿದರೆ ಸದ್ದು ಮಾತ್ರ ಏರುತ್ತದೆ, ಗಾಡಿ ಹಿಂದಕ್ಕೆ ಜಾರುತ್ತಿದೆ. ಬ್ರೇಕ್ ಒತ್ತಿ ಹಿಡಿದೆ. ಮಗ ಮಳೆಯಲ್ಲೇ ಇಳಿದು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟ. ಅಮ್ಮ ಹಿಂದಿನ ಸೀಟಿನಲ್ಲಿ ಮಂಜುನಾಥನನ್ನು ಕರೆಯುತ್ತ ಕೂತಿದ್ದರು. ಓಡೊಮೀಟರ್ ನೋಡಿದೆ: 6,140 ಕಿ.ಮೀ. ಹೊಸ ಕಾರು ಅದು. ಟೋಯಿಂಗ್ ಗಾಡಿ ಬರುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು, 6,500 ರೂಪಾಯಿ ಕೊಟ್ಟೆ.

ಮರುದಿನ ಸರ್ವಿಸ್ ಸೆಂಟರಿನಲ್ಲಿ ನಾನು ಮಾಡಿದ ಒಂದು ಸಹಿ ಮುಂದೆ ತುಂಬಾ ತೊಂದರೆ ಕೊಟ್ಟಿತು. ನಡೆದದ್ದೆಲ್ಲ ಅಡ್ವೈಸರ್‌ಗೆ ಹತ್ತು ನಿಮಿಷ ಹೇಳಿದೆ. ಆತ ತಲೆಯಾಡಿಸುತ್ತ ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿ, "ಇಲ್ಲೊಂದು ಸೈನ್ ಮಾಡಿ ಸಾರ್" ಎಂದು ಮುಂದೆ ಹಿಡಿದರು. ಬೆರಳಿನಲ್ಲಿ ಸಹಿ ಗೀಚಿದೆ. ಅದು ಜಾಬ್ ಕಾರ್ಡ್, ಅಂದರೆ ಏನು ದೂರು, ಏನು ಕೆಲಸ ಅಂತ ಸರ್ವಿಸ್ ಸೆಂಟರಿನವರು ಬರೆಯುವ ಕಾಗದ. ಅದರಲ್ಲಿ ಗ್ರಾಹಕರ ದೂರು ಎನ್ನುವ ಜಾಗದಲ್ಲಿ ಇದ್ದದ್ದು 'ಜನರಲ್ ಚೆಕಪ್' ಅಂತ. ಎರಡು ದಿನ ಬಿಟ್ಟು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಾರು ಕೊಟ್ಟರು. ನಾನು ಸಹಿ ಹಾಕಿದ ಆ ಕಾಗದವನ್ನೇ ಒಂದು ವರ್ಷದ ಮೇಲೆ ಕಂಪನಿಯ ವಕೀಲರು ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗದ ಮುಂದಿಟ್ಟರು. ಜೂನ್‌ನಲ್ಲಿ ಯಾವ ದೂರೂ ಇರಲಿಲ್ಲ, ಗ್ರಾಹಕರು ಸುಮ್ನೆ ಚೆಕಪ್‌ಗೆ ತಂದಿದ್ದರು ಎಂದರು.

ಆಗಸ್ಟ್‌ನಲ್ಲಿ ಮತ್ತೆ ಅದೇ ಕಥೆ. ಈ ಸಲ ಊರಿನ ಹತ್ತಿರದ ಏರಿನಲ್ಲೇ ನಿಂತಿತು. 'ಪರೀಕ್ಷಿಸಿದೆವು, ದೋಷ ಕಂಡುಬಂದಿಲ್ಲ' ಎಂದು ಬರೆದು ಕೊಟ್ಟರು. ಅಕ್ಟೋಬರ್‌ನಲ್ಲಿ ಕ್ಲಚ್ ಸೆಟ್ ಬದಲಿಸಿದರು (ತುಳಿಯುವ ಪೆಡಲ್ ಇಲ್ಲದಿದ್ದರೂ ಈ ಗೇರ್‌ಬಾಕ್ಸಿನ ಒಳಗೆ ಕ್ಲಚ್ ಇದೆ). ಡಿಸೆಂಬರ್‌ನಲ್ಲಿ ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ ಬದಲಿಸಿದರು. 2023ರ ಜನವರಿಯಲ್ಲಿ ಐದನೇ ಸಲ ಟೋಯಿಂಗ್ ಗಾಡಿ ಕರೆಸಿದೆ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಆ ಕಾರು ಓಡಿಸುವುದನ್ನೇ ಬಿಟ್ಟಿದ್ದಳು. "ನಂಗೆ ಅದ್ರಲ್ಲಿ ಕೂರೋಕೇ ಭಯ ಕಣ್ರೀ" ಅಂದಳು. ಯಾರಿಗಾಗಿ ಕಾರು ತಂದಿದ್ದೆನೋ ಅವರೇ ಹತ್ತದಿದ್ದರೆ ಮನೆ ಮುಂದೆ ಅದನ್ನು ನೋಡುವುದೇ ಸಂಕಟ.

ಮೂರನೇ ಭೇಟಿಯಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ನೀವು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರಬೇಕು: ಯಾವ ದಿನ, ಎಷ್ಟು ಕಿ.ಮೀ., ಯಾವ ಜಾಗ, ಏನಾಯಿತು. "ಸಿಸ್ಟಮ್‌ನಲ್ಲಿ ಅಷ್ಟುದ್ದ ಬರೆಯೋಕೆ ಜಾಗ ಇಲ್ಲ ಸಾರ್" ಅಂದರು. ಪ್ರಿಂಟ್ ತೆಗೆಸಿ, ಅದರ ಮೇಲೆ ನಾನೇ ಪೆನ್ನಿನಲ್ಲಿ ನಾಲ್ಕು ಸಾಲು ಬರೆದು, ಅವರ ಸಹಿ ಮತ್ತು ಸೀಲ್ ಹಾಕಿಸಿಕೊಂಡೆ. ಅಲ್ಲೇ ನಿಂತು ಅದರ ಫೋಟೊ ತೆಗೆದು ಸರ್ವಿಸ್ ಸೆಂಟರಿಗೆ, ಶೋರೂಮಿಗೆ, ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್ ಕಳಿಸಿದೆ. ಜಾಬ್ ಕಾರ್ಡ್ ನಂಬರನ್ನು ಇಮೇಲಿನ ತಲೆಬರಹದಲ್ಲೇ ಹಾಕುತ್ತಿದ್ದೆ. ಕಾರು ವಾಪಸ್ ಕೊಡುವಾಗ ಯಾವ ಭಾಗ ಬದಲಿಸಿದ್ದಾರೆ ಅನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ವಾರಂಟಿಯಲ್ಲಿ ಪುಕ್ಕಟೆ ಮಾಡಿದ್ದರೂ ಸೊನ್ನೆ ರೂಪಾಯಿಯ ಬಿಲ್ ಕೇಳಿ. ಕಾರು ನಿಂತಾಗ ಪಕ್ಕದಲ್ಲಿ ಕೂತವರು ವಿಡಿಯೊ ಮಾಡಲಿ; ಮೀಟರ್, ಓಡೊಮೀಟರ್, ಹೊರಗಿನ ರಸ್ತೆ ಮೂರೂ ಒಂದೇ ವಿಡಿಯೊದಲ್ಲಿ ಬರಲಿ.

ಜನವರಿ ಕೊನೆಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ದೂರು ಬರೆದುಕೊಂಡು ಕಂಪನಿಗೆ ಕಳಿಸಿದರು. 'ಗ್ರಾಹಕರಿಗೆ ವಾರಂಟಿ ಪ್ರಕಾರ ಸೇವೆ ಕೊಟ್ಟಿದ್ದೇವೆ' ಎಂದು ಉತ್ತರ ಬಂತು, ದೂರು ಮುಗಿಯಿತು. ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ಆದರೂ ಮಾಡಿದ್ದು ಒಳ್ಳೆಯದಾಯಿತು. ಕಂಪನಿ ತನ್ನ ನಿಲುವನ್ನು ಬರವಣಿಗೆಯಲ್ಲಿ ಹೇಳಿದ್ದು ಅದೇ ಮೊದಲ ಸಲ.

ಅಮೆರಿಕದಲ್ಲಿ ಇಂಥ ಕಾರಿಗೆ 'ಲೆಮನ್' ಅನ್ನುತ್ತಾರಂತೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಅದಕ್ಕೆಂದೇ ಕಾನೂನು ಮಾಡಿತು. ಇಷ್ಟು ಸಲ ರಿಪೇರಿಗೆ ಹೋಗಿಯೂ ಸರಿಯಾಗದಿದ್ದರೆ ಬದಲಿ ಕಾರು ಇಲ್ಲವೇ ದುಡ್ಡು ಅನ್ನುವ ಲೆಕ್ಕ. ನಮ್ಮಲ್ಲಿ ಹಾಗೆ ಕಾರಿಗೆ ಅಂತಲೇ ಬೇರೆ ಕಾನೂನು ಇಲ್ಲ. ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಮಿಕ್ಸಿಗೂ ಅದೇ, ಕಾರಿಗೂ ಅದೇ. ದೋಷ ಸರಿಪಡಿಸಿ, ವಸ್ತು ಬದಲಿಸಿ, ದುಡ್ಡು ವಾಪಸ್ ಕೊಡಿ, ಪರಿಹಾರ ಕೊಡಿ ಎಂದು ಹೇಳುವ ಅಧಿಕಾರ ಆಯೋಗಕ್ಕಿದೆ. ಆದರೆ ಎಷ್ಟು ಸಲ ಕೆಟ್ಟರೆ ಬದಲಿ ಅನ್ನುವ ಲೆಕ್ಕ ಕಾಯ್ದೆಯಲ್ಲಿಲ್ಲ. ಅದನ್ನು ನಾವೇ ಸಾಬೀತು ಮಾಡಬೇಕು.

ಫೆಬ್ರುವರಿಯಲ್ಲಿ ವಕೀಲರನ್ನು ಕಂಡೆ. ಗ್ರಾಹಕ ಆಯೋಗದಲ್ಲಿ ವಕೀಲರು ಇರಲೇಬೇಕು ಅಂತಿಲ್ಲ, ನಾವೇ ವಾದ ಮಾಡಬಹುದು. ಸಣ್ಣ ಮೊತ್ತವಾದರೆ ನಾನೂ ಹಾಗೇ ಮಾಡುತ್ತಿದ್ದೆ. ಎದುರಿಗೆ ಕಾರು ಕಂಪನಿಯ ವಕೀಲರ ದಂಡೇ ಬರುತ್ತದೆ ಅಂತ ಗೊತ್ತಿದ್ದುದರಿಂದ ಧೈರ್ಯ ಬರಲಿಲ್ಲ. ನಮ್ಮ ವಕೀಲರ ಫೀಸು ಒಟ್ಟು 45,000, ಮೂರು ಕಂತಿನಲ್ಲಿ. ಮೊದಲು ಶೋರೂಮಿಗೂ ಕಂಪನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಲೀಗಲ್ ನೋಟಿಸ್ ಹೋಯಿತು. ಶೋರೂಮಿನವರು ಉತ್ತರವನ್ನೇ ಕೊಡಲಿಲ್ಲ. ಕಂಪನಿ ಎರಡು ಪುಟದ ಉತ್ತರ ಕೊಟ್ಟಿತು: ಮಾರಿದ್ದು ಡೀಲರ್, ಡೀಲರ್ ನಮ್ಮ ಏಜೆಂಟ್ ಅಲ್ಲ, ಅವರ ವ್ಯವಹಾರ ಅವರದು. ಆಮೇಲೆ ಡೀಲರ್ ಹೇಳಿದ್ದೂ ಅದರ ತಿರುವುಮುರುವು: ಕಾರು ತಯಾರಿಸಿದ್ದು ನಾವಲ್ಲ. ಅದಕ್ಕೇ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಲೇಬೇಕು. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅವರ ಕಡೆ ಬೆರಳು ತೋರಿಸಿ ಪಾರಾಗುತ್ತಾರೆ.

ಎಲ್ಲಿ ದೂರು ಹಾಕಬೇಕು ಅನ್ನುವುದು ನನಗಿದ್ದ ದೊಡ್ಡ ಗೊಂದಲ. ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ, ವ್ಯಾಜ್ಯವೇನಿದ್ದರೂ ಬೆಂಗಳೂರಿನಲ್ಲೇ ಎಂದು ಅಚ್ಚಾಗಿತ್ತು. ನಮ್ಮೂರಿನಿಂದ ಬೆಂಗಳೂರು ನಾಲ್ಕು ಗಂಟೆ ದಾರಿ. ಪ್ರತಿ ತಾರೀಖಿಗೂ ಅಲ್ಲಿಗೆ ಓಡಬೇಕಾ ಅಂತ ಎದೆಗುಂದಿದ್ದೆ. ವಕೀಲರು 2019ರ ಕಾಯ್ದೆಯ ಸೆಕ್ಷನ್ 34 ತೆಗೆದು ತೋರಿಸಿದರು. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದ ಅನುಕೂಲ ಅದು: ದೂರುದಾರರು ವಾಸವಿರುವ ಇಲ್ಲವೇ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಸಮಸ್ಯೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. "ಮುಂದಿನ ಸರ್ವಿಸ್‌ನಲ್ಲಿ ಸರಿಹೋಗುತ್ತೆ ಸಾರ್" ಅನ್ನುವ ಮಾತು ನಂಬಿಕೊಂಡು ಕೂತರೆ ಆ ಎರಡು ವರ್ಷ ಕಣ್ಣೆದುರೇ ಕಳೆದುಹೋಗುತ್ತದೆ.

2023ರ ಏಪ್ರಿಲ್‌ನಲ್ಲಿ ಇ-ದಾಖಿಲ್ ಎಂಬ ಸರ್ಕಾರಿ ಜಾಲತಾಣದ ಮೂಲಕ ದೂರು ಹಾಕಿದೆವು. ಈಗ ಅದರ ಜಾಗದಲ್ಲಿ ಇ-ಜಾಗೃತಿ ಬಂದಿದೆ. ಹತ್ತರಿಂದ ಇಪ್ಪತ್ತು ಲಕ್ಷದ ವಸ್ತುವಿಗೆ ಶುಲ್ಕ ಬರೀ 400 ರೂಪಾಯಿ. ಐದು ಲಕ್ಷದೊಳಗಿನದಕ್ಕೆ ಶುಲ್ಕವೇ ಇಲ್ಲ. ದೂರಿನ ಜೊತೆ ಹಾಕಿದ್ದು ಇಷ್ಟು: ಕಾರಿನ ಇನ್‌ವಾಯ್ಸ್, ಆರ್‌ಸಿ, ವಾರಂಟಿ ಪುಸ್ತಕ, ಐದೂ ಜಾಬ್ ಕಾರ್ಡ್, ಇಮೇಲ್‌ಗಳ ಪ್ರಿಂಟ್, ಟೋಯಿಂಗ್ ರಸೀದಿ, ನೋಟಿಸ್ ಮತ್ತು ಅಂಚೆ ರಸೀದಿ, ಸಾಲದ ಸ್ಟೇಟ್‌ಮೆಂಟ್, ನೋಟರಿ ಮಾಡಿಸಿದ ಅಫಿಡವಿಟ್. ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆವು. ಅದಕ್ಕೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಬೇರೆ ಬೇಕು. ವಕೀಲರನ್ನು ಕೇಳಿ ಮೊದಲೇ ಮಾಡಿಸಿಡಿ. ಪುಟಗಳಿಗೆ ನಂಬರ್ ಹಾಕಿರಲಿಲ್ಲ ಅಂತ ಒಂದು ಸಲ ವಾಪಸ್ ಬಂತು. 212 ಪುಟಕ್ಕೆ ರಾತ್ರಿ ಕೂತು ಮಗ ನಂಬರ್ ಬರೆದ.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ಏನು ಕೊಡಿಸಬೇಕು ಎಂದು ಕೇಳುವ ಜಾಗದಲ್ಲಿ ಕಾರಿನ ಬೆಲೆ, ಬಡ್ಡಿ, ಪರಿಹಾರ ಕೇಳಿದ್ದೆವು. ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಬಿಡಿಬಿಡಿಯಾಗಿ ಕೇಳಿರಲಿಲ್ಲ. ಕೊನೆಗೆ ಆ ಬಾಬ್ತಿನಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ನೀವು ಪ್ರತಿಯೊಂದನ್ನೂ ಮೊತ್ತದ ಸಮೇತ ಬರೆಸಿ. ಇನ್ನೊಂದು ಮಾತು: ಕೇಸು ನಡೆಯುತ್ತಿದೆ ಅಂತ ಕಂತು ನಿಲ್ಲಿಸಬೇಡಿ. ಬ್ಯಾಂಕಿಗೂ ಈ ಜಗಳಕ್ಕೂ ಸಂಬಂಧವಿಲ್ಲ. ನಿಂತ ಕಾರಿಗೆ ತಿಂಗಳು ತಿಂಗಳು 18,500 ಕಟ್ಟುವಾಗ ಹೊಟ್ಟೆ ಉರಿಯುತ್ತಿತ್ತು, ಆದರೂ ಕಟ್ಟಿದೆ.

ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದೊಳಗೆ ತಕರಾರು ಸಲ್ಲಿಸಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಒಟ್ಟು 45 ದಿನ ದಾಟಿದರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕಂಪನಿ ಸಮಯಕ್ಕೆ ಸರಿಯಾಗಿ ಹಾಕಿತು. ಶೋರೂಮಿನವರು 50 ದಿನವಾದ ಮೇಲೆ ತಂದರು, ಅದನ್ನು ತೆಗೆದುಕೊಳ್ಳಲಿಲ್ಲ. ಹಾಗಾಗಿ ನೋಟಿಸ್ ತಲುಪಿದ ದಿನದ ಅಂಚೆ ದಾಖಲೆಯನ್ನು ಇಳಿಸಿಟ್ಟುಕೊಳ್ಳಿ, ಲೆಕ್ಕ ಶುರುವಾಗುವುದೇ ಅಲ್ಲಿಂದ.

ಕಂಪನಿಯ ತಕರಾರು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಎರಡನೇ ಸರ್ವಿಸ್ 430 ಕಿ.ಮೀ. ತಡವಾಗಿ ಮಾಡಿಸಿದ್ದೆನಂತೆ. ಹೊರಗಡೆ ರಿವರ್ಸ್ ಕ್ಯಾಮೆರಾ ಹಾಕಿಸಿದ್ದರಿಂದ ವೈರಿಂಗ್ ಹಾಳಾಗಿರಬಹುದಂತೆ. ನನಗೆ ಘಾಟಿಯಲ್ಲಿ ಆಟೊಮ್ಯಾಟಿಕ್ ಓಡಿಸಲು ಬರುವುದಿಲ್ಲವಂತೆ. ಮೂವತ್ತು ವರ್ಷದಿಂದ ಇದೇ ಘಾಟಿಯಲ್ಲಿ ಗಾಡಿ ಓಡಿಸಿದವನು ನಾನು. ಎಲ್ಲಕ್ಕಿಂತ ಗಟ್ಟಿಯಾದ ವಾದ ಸುಪ್ರೀಂ ಕೋರ್ಟಿನ 2006ರ ಒಂದು ತೀರ್ಪಿನದು. ಕೆಟ್ಟ ಭಾಗ ಬದಲಿಸಿದರೆ ಸರಿಹೋಗುವುದಾದರೆ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು, ವಾರಂಟಿಯ ಹೊಣೆ ಅಷ್ಟಕ್ಕೇ ಎನ್ನುವುದು ಅದರ ಸಾರ. ಇಂಥ ಕೇಸು ಹಾಕುವ ಎಲ್ಲರೂ ಈ ಗೋಡೆಯನ್ನು ದಾಟಬೇಕು. ಭಾಗ ಬದಲಿಸಿಯೂ ಸರಿಹೋಗಿಲ್ಲ ಅಂತ ತೋರಿಸುವುದೊಂದೇ ದಾರಿ. ಅಕ್ಟೋಬರ್, ಡಿಸೆಂಬರ್ ಜಾಬ್ ಕಾರ್ಡುಗಳ ಬೆಲೆ ನನಗೆ ತಿಳಿದದ್ದು ಆಗ.

ದೋಷ ಬರಿಗಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಪರೀಕ್ಷೆ ಮಾಡಿಸಲು ಸೆಕ್ಷನ್ 38ರಲ್ಲಿ ಅವಕಾಶವಿದೆ. ನಾವು ಅರ್ಜಿ ಹಾಕಿದೆವು. ಇದನ್ನು ಮೊದಲ ತಾರೀಖಿನಲ್ಲೇ ಹಾಕಬೇಕಿತ್ತು. ನಾವು ನಾಲ್ಕು ತಿಂಗಳು ತಡ ಮಾಡಿದೆವು, ಕೇಸೂ ಅಷ್ಟೇ ಹಿಂದೆ ಬಿತ್ತು. ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದ ಪ್ರೊಫೆಸರ್ ಒಬ್ಬರನ್ನು ಆಯೋಗ ನೇಮಿಸಿತು. ಅವರ ಶುಲ್ಕ 12,000 ರೂಪಾಯಿ ನಾನೇ ಕಟ್ಟಬೇಕಿತ್ತು.

2024ರ ಜನವರಿಯ ಆ ಬೆಳಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ಶಿರಾಡಿ ಏರು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಪ್ರೊಫೆಸರ್, ತೊಡೆಯ ಮೇಲೆ ಗೆರೆ ಹಾಕಿದ ನೋಟ್‌ಬುಕ್. ಹಿಂದೆ ಕಂಪನಿಯ ಎಂಜಿನಿಯರ್, ಅವರ ಲ್ಯಾಪ್‌ಟಾಪಿಗೆ ಕಾರಿನ ವೈರ್. ಪ್ರೊಫೆಸರ್ ಎರಡು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿ ಕ್ಲಚ್ಚಿನ ಉಷ್ಣತೆ ಎಷ್ಟು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಇಪ್ಪತ್ತೆರಡನೇ ನಿಮಿಷಕ್ಕೆ ಕಾರು ಜಗ್ಗಿ ನಿಂತಿತು. "ಇವರು ಆಕ್ಸಿಲರೇಟರ್ ಮೇಲೇ ಕಾಲಿಟ್ಟುಕೊಂಡು ಓಡಿಸ್ತಾರೆ ಸಾರ್, ಅದಕ್ಕೆ ಬಿಸಿ ಆಗುತ್ತೆ" ಎಂದರು ಎಂಜಿನಿಯರ್. ಪ್ರೊಫೆಸರ್ ಪೆನ್ನು ಮುಚ್ಚಿದರು. "ಸರಿ, ಕಾರು ತಣ್ಣಗಾಗಲಿ. ಈಗ ನೀವು ಓಡಿಸಿ" ಎಂದರು. ಮುಕ್ಕಾಲು ಗಂಟೆ ಕಾದು, ಕೆಳಗಿಳಿದು, ಮತ್ತೆ ಹತ್ತಿದೆವು. ಈ ಸಲ ಹತ್ತೊಂಬತ್ತನೇ ನಿಮಿಷಕ್ಕೇ ನಿಂತಿತು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಒಂದೂವರೆ ವರ್ಷದಿಂದ ನಾನು ಹೇಳುತ್ತಿದ್ದುದು ನಿಜ ಅಂತ ಅವರೆಲ್ಲರ ಎದುರೇ ಗೊತ್ತಾಯಿತಲ್ಲ ಎಂಬ ಸಮಾಧಾನ. ಕ್ಯಾಮೆರಾದ ವೈರಿಗೂ ಗೇರ್‌ಬಾಕ್ಸಿಗೂ ಸಂಬಂಧವಿಲ್ಲ, ಕ್ಲಚ್ ಮತ್ತು ಕಂಟ್ರೋಲ್ ಯೂನಿಟ್ ಬದಲಿಸಿದ ಮೇಲೂ ದೋಷ ಉಳಿದಿದೆ ಎಂದು ವರದಿ ಬಂತು.

ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಕೇಸು ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನದಕ್ಕೆ ದೂರು ಹಾಕಿದಾಗಿನಿಂದ ಹದಿನಾರು ತಿಂಗಳು ಹಿಡಿಯಿತು. ಅಷ್ಟು ಕಾಯುವ ಮನಸ್ಸು ಮಾಡಿಕೊಂಡೇ ಇಳಿಯಿರಿ. 2024ರ ಆಗಸ್ಟ್‌ನಲ್ಲಿ ಆದೇಶ ಬಂತು: ಎರಡು ವರ್ಷ ಬಳಸಿದ್ದಕ್ಕೆ ಶೇ 15 ಕಳೆದು 10,88,000 ರೂಪಾಯಿ, ದೂರು ಹಾಕಿದ ದಿನದಿಂದ ಶೇ 6 ಬಡ್ಡಿ, 50,000 ಪರಿಹಾರ, 10,000 ಖರ್ಚು. ಮನೆಯಲ್ಲಿ ಹೋಳಿಗೆ ಮಾಡಿದೆವು.

ಆದರೆ ಮುಗಿದಿರಲಿಲ್ಲ. 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಕಂಪನಿ ಹಾಕಿತು. ಹಾಗೆ ಹಾಕಬೇಕಾದರೆ ಆದೇಶವಾದ ಮೊತ್ತದ ಅರ್ಧ ಠೇವಣಿ ಇಡಬೇಕು. ಆ ಠೇವಣಿಯೇ ನನಗೆ ಆಸರೆಯಾಯಿತು. ದುಡ್ಡು ಅಲ್ಲಿ ಕೂತಿದ್ದರೆ ಅವರಿಗೂ ಎಳೆಯುವ ಉತ್ಸಾಹ ಕಡಿಮೆ ಅಲ್ವಾ. 2025ರ ಮಾರ್ಚ್‌ನಲ್ಲಿ ಅವರ ವಕೀಲರೇ ರಾಜಿ ಮಾತೆತ್ತಿದರು. ಬಡ್ಡಿ ಸೇರಿ ನನಗೆ ಬರಬೇಕಿದ್ದದ್ದು ಹನ್ನೆರಡು ಮುಕ್ಕಾಲು ಲಕ್ಷದ ಹತ್ತಿರ. ಅವರು ಒಪ್ಪಿದ್ದು 11,25,000. ಒಂದೂವರೆ ಲಕ್ಷ ಬಿಡುವುದಾ ಅಂತ ಎರಡು ದಿನ ಯೋಚಿಸಿದೆ. ಮೇಲ್ಮನವಿ ಇನ್ನೆರಡು ವರ್ಷ ನಡೆಯಬಹುದು ಎಂದರು ವಕೀಲರು. ಅಮ್ಮ, "ಸಾಕು ಮಗಾ, ಬಿಟ್ಟುಬಿಡು" ಅಂದರು. ಒಪ್ಪಿಕೊಂಡೆ. ರಾಜಿಪತ್ರವನ್ನು ಆಯೋಗದ ಮುಂದಿಟ್ಟೇ ಮಾಡಿಕೊಳ್ಳಿ. ಹೊರಗೆ ಬರೆದುಕೊಂಡ ಕಾಗದಕ್ಕೆ ಆದೇಶದ ಬಲ ಇರುವುದಿಲ್ಲ. ಆದೇಶ ಪಾಲಿಸದವರಿಗೆ ಸೆಕ್ಷನ್ 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ.

ಲೆಕ್ಕ ಕೇಳುವವರಿಗೆ: ವಕೀಲರಿಗೆ 45,000, ಮೇಲ್ಮನವಿಗೆ ಇನ್ನೊಂದು 20,000, ಪರೀಕ್ಷೆಗೆ 12,000, ಟೋಯಿಂಗಿಗೆ ಎಲ್ಲ ಸೇರಿ 17,000, ಜೆರಾಕ್ಸ್, ನೋಟರಿ, ಅಂಚೆಗೆ ಸುಮಾರು 4,000. ಬಾಡಿಗೆ ಕಾರಿಗೆ ಕೊಟ್ಟದ್ದನ್ನು ಬರೆದಿಡಲಿಲ್ಲ, ಬರೆದಿಟ್ಟಿದ್ದರೆ ಅದನ್ನೂ ಕೇಳಬಹುದಿತ್ತು.

ಕಾರು ವಾಪಸ್ ಕೊಡುವುದಕ್ಕೂ ಇಷ್ಟೊಂದು ಕಾಗದ ಬೇಕು ಅಂತ ಗೊತ್ತಿರಲಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುವವರೆಗೆ ಕಾರು ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಉಳಿದಿದ್ದ 3,30,000 ಸಾಲ ತೀರಿಸಿ, ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತಂದು, ಆರ್‌ಟಿಒದಲ್ಲಿ ಸಾಲದ ನಮೂದು ತೆಗೆಸಿದೆ. ಆಮೇಲೆ ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30. ದುಡ್ಡು ಖಾತೆಗೆ ಬಂದ ಮೇಲಷ್ಟೇ ಅವಕ್ಕೆ ಸಹಿ ಹಾಕಿದೆ. ಫಾಸ್ಟ್ಯಾಗ್ ಮುಚ್ಚಿಸಿದೆ. ಒಪ್ಪಿಸಿದ ಕಾಗದದಲ್ಲಿ ದಿನ, ಗಂಟೆ, ಓಡೊಮೀಟರ್ 31,920 ಎಂದು ಬರೆಸಿ ಸೀಲ್ ಹಾಕಿಸಿಕೊಂಡೆ. ಆರ್‌ಸಿ ಬದಲಾಗುವವರೆಗೆ ಆ ಗಾಡಿ ಏನು ಮಾಡಿದರೂ ನೋಟಿಸ್ ಬರುವುದು ನಮ್ಮ ಮನೆಗೇ, ಅದಕ್ಕೆ ಆ ಗಂಟೆಯ ನಮೂದು ಬೇಕು. ಮಾಲೀಕತ್ವ ಬದಲಾಯಿತು ಅನ್ನುವ ಎಸ್‌ಎಂಎಸ್‌ಗೆ ಮೂರು ವಾರ ಕಾದೆ. ನಿನ್ನೆ ಮಧ್ಯಾಹ್ನ ಬಂತು.